ಬೋಲ್ಟು ಕೂತಿತಲ್ಲ, ಇನ್ನೇನು?

ಕಳೆದ ವಾರವೂ ಒಬ್ಬ ಹುಡುಗ ಬಂದಿದ್ದ. ಹಿಂದಿನ ಸೀಟಿನಲ್ಲಿ ಬೆಡ್‌ಶೀಟ್ ಸುತ್ತಿದ ಹೆಡರ್, ಅಂದರೆ ಎಂಜಿನ್ನಿನ ಹೊಗೆಯನ್ನು ಹೊರತರುವ ಪೈಪುಗಳ ಗೊಂಚಲು. ಗಲ್ಫಿನಲ್ಲಿರುವ ಭಾವ ಕಳಿಸಿದ್ದಂತೆ. ಬೇರೆ ಕಾರಿಗೆ ಮಾಡಿದ್ದು. "ಸ್ವಲ್ಪ ಅಡ್ಜಸ್ಟ್ ಮಾಡಿ ಕೊಡಿ" ಅಂದ. ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ನನ್ನ ವೆಲ್ಡಿಂಗ್ ಶೆಡ್ಡು. ಈ ಮಾತನ್ನು ನಾನು ಕನ್ನಡದಲ್ಲೂ ತುಳುವಿನಲ್ಲೂ ಮಲಯಾಳದಲ್ಲೂ ಕೇಳಿದ್ದೇನೆ. "ಒಂತೆ ಅಡ್ಜಸ್ಟ್ ಮಲ್ಪುಲೆ" ಅಂದರೂ ಅಷ್ಟೇ. ಭಾಷೆ ಬದಲಾಗುತ್ತದೆ, ಆ 'ಅಡ್ಜಸ್ಟ್' ಮಾತ್ರ ಅಲ್ಲೇ ಇರುತ್ತದೆ.

ಎಂಜಿನ್ನಿಗೆ ಬಿಗಿಯುವ ಪಟ್ಟಿ ಇದೆಯಲ್ಲ, ಆ ಫ್ಲಾಂಜಿನ ತೂತು, ಹೊಗೆ ಹೊರಬರುವ ಪೋರ್ಟಿನ ಅಳತೆ, ಗ್ಯಾಸ್ಕೆಟ್ ಇವೆಲ್ಲ ನೋಡಿಕೊಂಡೇ ತಂದಿರುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಬೋಲ್ಟುಗಳೆಲ್ಲ ಕೂತ ಕೂಡಲೇ "ಆಯ್ತಲ್ಲ, ಇನ್ನು ಕೆಳಗಿನ ಪೈಪನ್ನು ಕತ್ತರಿಸಿ ಜೋಡಿಸಿದರೆ ಮುಗೀತು" ಅನ್ನುತ್ತಾರೆ ನೋಡಿ, ತಲೆ ಬಿಸಿಯಾಗುವುದು ಅಲ್ಲಿ.

ಎಂಜಿನ್ ಕಾರಿಗೆ ಅಂಟಿಕೊಂಡಿಲ್ಲ ಮಾರಾಯ್ರೇ. ರಬ್ಬರ್ ಮೌಂಟುಗಳ ಮೇಲೆ ಕೂತಿದೆ. ಆಫ್ ಇದ್ದಾಗ ಒಂದು ಜಾಗ. ಕ್ಲಚ್ ಬಿಟ್ಟು ಮುಂದಕ್ಕೆ ಹೊರಟಾಗ ಒಂದು ಕಡೆ ವಾಲುತ್ತದೆ, ರಿವರ್ಸ್ ಹಾಕಿದರೆ ಇನ್ನೊಂದು ಕಡೆ. ಮೌಂಟು ಹಳೆಯದಾಗಿದ್ದರೆ ಈ ವಾಲಾಟ ಇನ್ನೂ ಜಾಸ್ತಿ. ಹೆಡರ್ ಎಂಜಿನ್ನಿನ ಜೊತೆ ಹೋಗುತ್ತದೆ. ಎಂಜಿನ್ನಿನ ಅಡಿಯ ಅಡ್ಡಪಟ್ಟಿ ಅಂದರೆ ಕ್ರಾಸ್‌ಮೆಂಬರ್, ಸ್ಟೀರಿಂಗ್ ಶಾಫ್ಟು, ರೇಡಿಯೇಟರ್ ಫ್ಯಾನು ಹೋಗುವುದಿಲ್ಲ. ನೀವು ಲಿಫ್ಟಿನ ಕೆಳಗೆ ನಿಂತು, ತಣ್ಣಗಿರುವ ಎಂಜಿನ್ ನೋಡಿ, "ಬೆರಳು ಹೋಗುವಷ್ಟು ಜಾಗ ಇದೆ" ಅಂದರೆ ಅದು ನಿಂತ ಕಾರಿನ ಲೆಕ್ಕ.

ಇದರ ಮೇಲೆ ಬಿಸಿ ಬೇರೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪೈಪು ಒಂದು ಮೀಟರ್ ಉದ್ದ ಇದ್ದರೆ, ಬಿಸಿ 100 ಡಿಗ್ರಿ ಏರಿದಾಗಲೆಲ್ಲ ಸುಮಾರು 1.7 ಮಿಲಿಮೀಟರ್ ಬೆಳೆಯುತ್ತದೆ. ಅರ್ಧ ಮೀಟರ್ ಪೈಪು, 600 ಡಿಗ್ರಿ ಏರಿಕೆ ಅಂತ ಇಟ್ಟುಕೊಳ್ಳಿ. ಐದು ಮಿಲಿಮೀಟರ್ ಆಯಿತು. ಎರಡು ತುದಿಯನ್ನೂ ಬಿಗಿಯಾಗಿ ಹಿಡಿದರೆ ಆ ಐದು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ವೆಲ್ಡಿಗೇ ಹೋಗುತ್ತದೆ. ಬಿರುಕು ಬಿಡುತ್ತದೆ. ಆಮೇಲೆ "ನಿಮ್ಮ ವೆಲ್ಡಿಂಗ್ ಸರಿ ಇಲ್ಲ" ಅಂತ ನನ್ನ ಹತ್ತಿರ ಬರುತ್ತಾರೆ.

ಇಷ್ಟೆಲ್ಲ ಗೊತ್ತಿರುವುದು ನಾನೇ ಒಮ್ಮೆ ಕೆಟ್ಟದ್ದರಿಂದ. ಉಪ್ಪಳ ಕಡೆಯ ಒಬ್ಬರು 1998ರಲ್ಲಿ ಭಾರತಕ್ಕೆ ಬಂದ ಮೊದಲ ತಲೆಮಾರಿನ ಹೋಂಡಾ ಸಿಟಿ ಇಟ್ಟುಕೊಂಡಿದ್ದರು. ಅದಕ್ಕೆ ಹಳೆಯ ಸಿವಿಕ್ಕಿನ ಹೆಡರ್ ತಂದರು. ಎರಡೂ ಹೋಂಡಾದ ಡಿ ಸೀರೀಸ್ ಅನ್ನುವ ಒಂದೇ ಬಳಗದ ಎಂಜಿನ್, ಹಾಗಾಗಿ ಬೋಲ್ಟುಗಳು ಚೆನ್ನಾಗಿಯೇ ಕೂತವು. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಇರುವುದು ಮುಂದೆ, ರೇಡಿಯೇಟರ್ ಕಡೆಗೆ. ಪೈಪು ಅಲ್ಲಿಂದ ಕೆಳಗಿಳಿದು, ಆಯಿಲ್ ಸಂಪಿನ ಅಡಿಯಿಂದ ಹಿಂದಕ್ಕೆ ಹೋಗಬೇಕು. ಕೆಳಗಿನ ಬಾಗು ಸಿಟಿಗೆ ಹೊಂದಲಿಲ್ಲ. ಕತ್ತರಿಸಿ ತಿರುಗಿಸಿ ಜೋಡಿಸಿದೆ. ಪೈಪು ಅಲುಗಾಡಬಾರದು ಅಂತ ಒಂದು ಗಟ್ಟಿ ಬ್ರಾಕೆಟ್ ಮಾಡಿ ಕಾರಿನ ಮೈಗೇ ಬಿಗಿದೆ. ನೋಡಲು ಎಷ್ಟು ಚಂದ ಇತ್ತು ಅಂದರೆ ಫೋಟೋ ತೆಗೆದು ಇಟ್ಟುಕೊಂಡಿದ್ದೆ.

ಹತ್ತು ದಿನಕ್ಕೆ ಅವರ ಫೋನು. ಟಕಟಕ ಸದ್ದು. ನಾನು ಓಡಿಸಿ ನೋಡಿದರೆ ಏನೂ ಇಲ್ಲ. ಮರುದಿನ ಮತ್ತೆ ಫೋನು. ಕೊನೆಗೆ ಅವರ ಮನೆಗೇ ಹೋದೆ. ಮುರಕಲ್ಲಿನ ಗುಡ್ಡ ಕಡಿದು ಕಟ್ಟಿದ ಮನೆ, ಅಂಗಳಕ್ಕೆ ಕಡಿದಾದ ಏರು. ಅವರು ದಿನಾ ಆ ಏರನ್ನು ರಿವರ್ಸಿನಲ್ಲಿ ಹತ್ತಿಸುತ್ತಾರೆ! ಆಗ ಮಾತ್ರ ಎಂಜಿನ್ ಪೂರಾ ವಾಲಿ ಪೈಪು ಕ್ರಾಸ್‌ಮೆಂಬರಿಗೆ ಬಡಿಯುತ್ತಿತ್ತು. ನನ್ನ ಶೆಡ್ಡಿನ ಮುಂದೆ ರಸ್ತೆ ಸಪಾಟು, ಅಲ್ಲಿ ಹೇಗೆ ಗೊತ್ತಾಗಬೇಕು? ಪೈಪು ಬಿಚ್ಚಿ ನೋಡಿದರೆ, ಹೆಡರಿನ ಪೈಪುಗಳೆಲ್ಲ ಒಂದಾಗುವ ಕಲೆಕ್ಟರಿನ ಹತ್ತಿರ ಕೂದಲೆಳೆಯಷ್ಟು ಬಿರುಕು. ನನ್ನ ಚಂದದ ಬ್ರಾಕೆಟ್ಟಿನ ಕೆಲಸ ಅದು. ಅವರು ಬೈಯಲಿಲ್ಲ, ಚಹಾ ಕೊಟ್ಟರು. ಬೈದಿದ್ದರೇ ವಾಸಿ ಇತ್ತು.

ಆಮೇಲಿಂದ ನನ್ನ ಕ್ರಮ ಬೇರೆ. ಕಲೆಕ್ಟರ್ ಮುಗಿದ ಮೇಲೆ, ಕಾರಿನ ಮೈಗೆ ನೇತುಹಾಕುವ ಮೊದಲ ಹ್ಯಾಂಗರಿಗಿಂತ ಮುಂಚೆ ಒಂದು ಬಳುಕುವ ಫ್ಲೆಕ್ಸ್ ಪೈಪು ಇರಲೇಬೇಕು. ಫ್ಲೆಕ್ಸಿಗಿಂತ ಮುಂಚೆ ಆಸರೆ ಬೇಕಾದರೆ ಅದನ್ನು ಎಂಜಿನ್ನಿಗೋ ಗೇರ್‌ಬಾಕ್ಸಿಗೋ ಕೊಡಿ, ಕಾರಿನ ಮೈಗೆ ಬೇಡ. ಫ್ಲೆಕ್ಸ್ ಆದ ಮೇಲೆ ಕಾರಿನ ಮೈಗೆ, ಅದೂ ರಬ್ಬರಿನಲ್ಲಿ. ಇದನ್ನು ತಿರುವುಮುರುವು ಮಾಡಿದವರ ಕಾರು ನನ್ನಲ್ಲಿಗೆ ಬರುತ್ತಲೇ ಇರುತ್ತದೆ.

ಜಾಗ ಸಾಕಾ ಅಂತ ನೋಡಲು ಒಂದು ಉಪಾಯ ಇದೆ. ಎಂಜಿನ್ ತಣ್ಣಗಿರುವಾಗ ಕ್ರಾಸ್‌ಮೆಂಬರಿನ ಮೇಲೆ ಚಪಾತಿ ಹಿಟ್ಟಿನ ಸಣ್ಣ ಉಂಡೆ ಅಂಟಿಸಿ. ಏರಿನಲ್ಲಿ ಒಮ್ಮೆ ಮುಂದಕ್ಕೆ, ಒಮ್ಮೆ ರಿವರ್ಸ್. ಅರ್ಧ ನಿಮಿಷದಲ್ಲಿ ಮುಗಿಸಿ. ಒತ್ತಿಹೋದ ಉಂಡೆಯಲ್ಲಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮ್ಮ ಜಾಗ. ಕಾರಿನ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಎಷ್ಟು ಉಳಿದರೆ ಸಾಕು ಅಂತ ಒಂದೇ ಅಂಕೆ ಹೇಳಲಾರೆ, ಮೌಂಟಿನ ಸ್ಥಿತಿಯ ಮೇಲೆ ಹೋಗುತ್ತದೆ. ಬಿಸಿಗೆ ಬೆಳೆಯುವ ಐದು ಮಿಲಿಮೀಟರನ್ನು ಅದರಲ್ಲಿ ಕಳೆಯಲು ಮರೆಯಬೇಡಿ. ಸುತ್ತಿಗೆಯಿಂದ ಪೈಪನ್ನು ಚಪ್ಪಟೆ ಮಾಡಿ ಜಾಗ ಮಾಡುವವರಿದ್ದಾರೆ. ಅಷ್ಟು ದುಡ್ಡು ಕೊಟ್ಟು ಹೆಡರ್ ತಂದಿದ್ದು ಯಾಕೆ ಮತ್ತೆ?

ವೆಲ್ಡಿಂಗ್ ಮಾಡುವವರಿಗೆ ಎರಡು ಮಾತು. ಕಾರಿನಲ್ಲಿ ಟ್ಯಾಕ್ ಮಾತ್ರ ಹೊಡೆಯಿರಿ. ಪೂರ್ತಿ ವೆಲ್ಡನ್ನು ಹೊರಗೆ ತೆಗೆದು, ಫ್ಲಾಂಜನ್ನು ಗುಜರಿಯ ಎಂಜಿನ್ ಹೆಡ್ಡಿಗೆ ಬಿಗಿದು ಮಾಡಿ. ಇಲ್ಲದಿದ್ದರೆ ಫ್ಲಾಂಜ್ ಬಾಳೆಕಾಯಿಯಂತೆ ಬಾಗುತ್ತದೆ. 304ಕ್ಕೆ ಮೈಲ್ಡ್ ಸ್ಟೀಲ್ ಜೋಡಿಸುವಾಗ 309ಎಲ್ ಫಿಲ್ಲರ್. ಆಕ್ಸಿಜನ್ ಸೆನ್ಸರಿನ ತೂತು ಪೈಪಿನ ಮೇಲ್ಭಾಗದಲ್ಲಿರಲಿ, ಕೆಳಗಿದ್ದರೆ ನೀರು ನಿಂತು ಸೆನ್ಸರ್ ಹಾಳಾಗುತ್ತದೆ. ಇನ್ನು ಮೈಲ್ಡ್ ಸ್ಟೀಲಿಗೆ ಬಟ್ಟೆಯಂಥ ಹೀಟ್ ರ್‍ಯಾಪ್ ಸುತ್ತಿ ಅಂತ ಕೇಳಬೇಡಿ. ನಮ್ಮ ಮಳೆಗಾಲ, ನಮ್ಮ ಕಡಲಗಾಳಿ. ಒದ್ದೆ ಬಟ್ಟೆಯೊಳಗೆ ಕಬ್ಬಿಣ ಕಟ್ಟಿಟ್ಟಂತೆ ಆಗುತ್ತದೆ.

ಬಿಎಸ್6 ಕಾರು ತರಬೇಡಿ. 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಹೊಗೆ ನಿಯಮದ ಕಾರುಗಳವು. ಅನೇಕವುಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಹೆಡರಿನ ಜಾಗದಲ್ಲಿರುವ ಕಂಪೆನಿಯ ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುತ್ತದೆ, ಹೆಡರ್ ಹಾಕುವುದೆಂದರೆ ಅದನ್ನು ಕಿತ್ತಂತೆ. ಹಳೆಯ ಕಾರಾದರೂ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕೇರಳದಲ್ಲಿ ಅದನ್ನು ಹಗುರವಾಗಿ ನೋಡುವುದಿಲ್ಲ. ಟ್ರ್ಯಾಕಿನಲ್ಲಿ ಓಡಿಸುವ ಕಾರಿನ ಮಾತು ಬೇರೆ. ರಸ್ತೆಯ ಕಾರಾದರೆ ಆರ್‌ಟಿಒದಲ್ಲಿ ಮೊದಲು ವಿಚಾರಿಸಿ, ಆಮೇಲೆ ನನ್ನ ಹತ್ತಿರ ಬನ್ನಿ.

ಬರುವಾಗ ಪೈಪು ಮಾತ್ರ ತರಬೇಡಿ, ಕಾರನ್ನೂ ತನ್ನಿ. ಹಿಂದಿನ ಸಂಜೆಯೇ ಬಿಟ್ಟು ಹೋಗಿ. ಬಿಸಿ ಮ್ಯಾನಿಫೋಲ್ಡಿನ ಮೇಲೆ ಕೈಯಿಡುವ ವಯಸ್ಸು ದಾಟಿದೆ ನನಗೆ. ಆಮೇಲೆ, ನಿಮ್ಮ ಮನೆಯ ಅಂಗಳ ಏರೋ ಸಪಾಟೋ ಅಂತಲೂ ಹೇಳಿ.