ಮರೀನಾ ಕಣ್ಣೆದುರೇ ಇದ್ದರೂ ನೇರವಾಗಿ ಯಾಕೆ ಹೋಗಬಾರದು?

ಓದುಗರ ಪ್ರಶ್ನೆ: ಬೇಸಿಗೆ ರಜೆಗೆ ಮಿನ್ನೆಸೋಟ ಕಡೆ ಮಿಸಿಸಿಪ್ಪಿ ನದಿಯಲ್ಲಿ ಮೋಟಾರು ದೋಣಿ ಬಾಡಿಗೆಗೆ ತಗೊಳ್ಳೋಣ ಅಂತಿದ್ದೇವೆ. ಮರೀನಾ, ಅಂದ್ರೆ ದೋಣಿ ನಿಲ್ಲಿಸೋ ತಾಣ, ಎದುರಿಗೇ ಕಾಣುತ್ತೆ, ಮಧ್ಯೆ ಬರೀ ನೀರು. ಆದ್ರೂ ನೇರ ಬರಬೇಡಿ, ಬೋಯ್ (ದಾರಿ ತೋರಿಸೋಕೆ ನೀರಲ್ಲಿ ತೇಲಿಬಿಟ್ಟ ಗುರುತು) ನೋಡ್ಕೊಂಡು ಸುತ್ತಿ ಬನ್ನಿ ಅಂತಾರಲ್ಲ, ಯಾಕೆ?

ಉತ್ತರ: ಆ ನೀರಿನಡಿ ಕಲ್ಲಿನ ಗೋಡೆಗಳಿರಬಹುದು, ಅದಕ್ಕೆ. ಅಲ್ಲಿನವರು ಅವನ್ನು ವಿಂಗ್ ಡ್ಯಾಮ್ ಅಂತಾರೆ.

ಹಿಂದೆ ಈ ನದಿ ಅಗಲವಾಗಿ, ಹೆಚ್ಚು ಆಳವಿಲ್ಲದೆ ಹರಿಯುತ್ತಿತ್ತು. ಹಬೆ ದೋಣಿಗಳು ಮರಳಿನ ದಿಬ್ಬಕ್ಕೆ ಸಿಕ್ಕಿಕೊಳ್ಳುತ್ತಿದ್ದವು. 1878ರಲ್ಲಿ ಅಮೆರಿಕದ ಸಂಸತ್ತು ನಾಲ್ಕೂವರೆ ಅಡಿ ಆಳದ ದಾರಿ ಮಾಡಲು ಒಪ್ಪಿತು. ಸೇನೆಯ ಎಂಜಿನಿಯರ್‌ಗಳು ದಡದಿಂದ ನದಿಯೊಳಕ್ಕೆ ಗೋಡೆ ಚಾಚಿದರು. ವಿಲ್ಲೋ ಗಿಡದ ರೆಂಬೆಗಳನ್ನು ಹಾಸೋದು, ಮೇಲೆ ಕಲ್ಲು ಹೇರೋದು, ಮತ್ತೆ ರೆಂಬೆ, ಮತ್ತೆ ಕಲ್ಲು. ದಡದಲ್ಲಿ ದಾರಿ ಸಿಗದ ನೀರು ನಡುವೆ ನುಗ್ಗಿ ತಾನೇ ಮರಳನ್ನು ಕೊರೆಯಿತು. ಆ ಕಾಲಕ್ಕೆ ಅದು ನಿಜವಾಗಿಯೂ ಜಾಣ ಕೆಲಸ. ಆಮೇಲೆ 1930ರಲ್ಲಿ ಒಂಬತ್ತು ಅಡಿ ಆಳಕ್ಕೆ ಒಪ್ಪಿಗೆ ಸಿಕ್ಕಿತು. ಸಾಲಾಗಿ ಅಣೆಕಟ್ಟು, ಅವನ್ನು ದೋಣಿಗಳು ದಾಟಲು ನೀರಿನ ಮಟ್ಟ ಏರಿಸಿ ಇಳಿಸುವ ಲಾಕ್ ಕಟ್ಟಿದರು. ನೀರಿನ ಮಟ್ಟ ಏರಿತು, ಗೋಡೆಗಳು ಮುಳುಗಿದವು. ಎಷ್ಟೋ ಗೋಡೆ ಇವತ್ತಿಗೂ ಅಲ್ಲೇ ಇವೆ. ನೀರು ಇಳಿದ ದಿನಗಳಲ್ಲಿ ಕೆಲವು ಗೋಡೆಗಳ ತುದಿ ನೀರಿನ ಮೇಲ್ಮೈಯಿಂದ ಒಂದೆರಡು ಅಡಿ ಕೆಳಗಷ್ಟೇ ಇರುತ್ತೆ. ವೇಗವಾಗಿ ಹೋದರೆ ಪ್ರೊಪೆಲ್ಲರ್ ಮುರಿಯುತ್ತೆ, ದೋಣಿಯಲ್ಲಿ ಕೂತವರು ಮುಂದಕ್ಕೆ ಎಸೆದ ಹಾಗೆ ಬೀಳ್ತಾರೆ.

ಕಣ್ಣಿಗೆ ಸಿಗುವ ಸುಳಿವು ಒಂದೇ. ಗೋಡೆ ದಾಟಿ ಹರಿವಿನ ದಿಕ್ಕಿನಲ್ಲಿ ಸ್ವಲ್ಪ ಮುಂದೆ, ದಡದಿಂದ ನದಿಯ ನಡುವಿನ ಕಡೆಗೆ ಸಣ್ಣ ಅಲೆಗಳ ಗೆರೆ ಎದ್ದಿರುತ್ತೆ. ಆದರೆ ಗಾಳಿ ಬೀಸಿದರೆ ಎಲ್ಲಾ ಕಡೆ ಅಲೆಯೇ, ಆ ಗೆರೆ ಗೊತ್ತಾಗಲ್ಲ. ಹಾಗಾಗಿ ಸೇನಾ ಎಂಜಿನಿಯರ್‌ಗಳ ನದಿ ನಕ್ಷೆ ಕೈಯಲ್ಲಿರಲಿ. ಅದರಲ್ಲಿ ಈ ಗೋಡೆಗಳ ಗುರುತಿದೆ. ಬೋಯ್‌ಗಳ ಲೆಕ್ಕ ಸುಲಭ: ಹರಿವಿಗೆ ಎದುರಾಗಿ ಹೋಗುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ. ಇಳಿದು ಬರುವಾಗ ತಿರುವುಮುರುವು. ಅವೆರಡರ ನಡುವೆಯೇ ಇದ್ದು, ಮರೀನಾದವರು ಹೇಳಿದ ಜಾಗದಲ್ಲಿ ಮಾತ್ರ ದಡದ ಕಡೆ ತಿರುಗಿ.

ತಿರುಗುವುದರಲ್ಲೂ ಒಂದು ವಿಷಯ ಇದೆ. ಮರೀನಾ ಬಾಯಿಯೊಳಗೆ ನೀರು ನಿಂತಿರುತ್ತೆ, ಹೊರಗೆ ಹರಿಯುತ್ತಿರುತ್ತೆ. ಮೂತಿ ಒಳಗೆ ಹೋದಾಗ ಹಿಂಭಾಗ ಇನ್ನೂ ಹರಿವಿನಲ್ಲೇ ಇರುತ್ತಲ್ಲ, ಅದನ್ನು ನದಿ ಪಕ್ಕಕ್ಕೆ ತಳ್ಳುತ್ತೆ. ನೀವು ಹರಿವಿನ ಜೊತೆ ಬರುತ್ತಿದ್ದರೆ, ಜಾಗ ಇದ್ದಲ್ಲಿ ಬಾಯಿ ದಾಟಿ ಸ್ವಲ್ಪ ಕೆಳಗೆ ಹೋಗಿ. ಅಲ್ಲಿ ತಿರುಗಿ, ಹರಿವಿಗೆ ಮುಖ ಮಾಡಿ ನಿಧಾನಕ್ಕೆ ಮೇಲೆ ಬನ್ನಿ. ಹೀಗೆ ಬಂದರೆ ದೋಣಿ ಮೆಲ್ಲಗೆ ಸಾಗಿದರೂ ಚುಕ್ಕಾಣಿಯ ಮಾತು ಕೇಳುತ್ತೆ. ತಿರುಗುವ ಮುಂಚೆ ಹಿಂದೆ ಮುಂದೆ ನೋಡಲೇಬೇಕು. ಇಲ್ಲಿ ಹದಿನೈದು ಬಾರ್ಜ್‌ಗಳನ್ನು (ಸರಕು ಸಾಗಿಸುವ ಚಪ್ಪಟೆ ತಳದ ದೊಡ್ಡ ದೋಣಿಗಳು) ಒಟ್ಟಿಗೆ ಕಟ್ಟಿ ತಳ್ಳುವ ಟೋ ಬೋಟ್‌ಗಳು ಓಡಾಡುತ್ತವೆ. ಅವು ತಟ್ಟನೆ ನಿಲ್ಲಲಾರವು. ಮುಂದೆ ಸಾಕಷ್ಟು ದೂರದವರೆಗೆ ಚಾಲಕನಿಗೆ ಸಣ್ಣ ದೋಣಿ ಕಾಣುವುದೇ ಇಲ್ಲ.

ಒಳಗೆ ಬಂದ ಮೇಲೆ ಪೆಟ್ರೋಲ್ ಹಾಕಿಸುವಾಗ ಎಲ್ಲರನ್ನೂ ಇಳಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂರುತ್ತೆ. ಎಂಜಿನ್ ಒಳಗಿರುವ ದೋಣಿಯಾದರೆ ಆ ಆವಿಯನ್ನು ಹೊರಹಾಕುವ ಬ್ಲೋಯರ್ ಫ್ಯಾನನ್ನು ನಾಲ್ಕು ನಿಮಿಷವಾದರೂ ಓಡಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಇದರಲ್ಲಿ ಅವಸರ ಬೇಡವೇ ಬೇಡ.

ಹೊರಡುವ ದಿನ ಮರೀನಾಕ್ಕೆ ಒಂದು ಫೋನ್ ಮಾಡಿ. ಪ್ರವೇಶದ ಬಾಯಲ್ಲಿ ಹೂಳು ತುಂಬುತ್ತಲೇ ಇರುತ್ತೆ, ಹಾಗಾಗಿ ಹೋದ ವರ್ಷದ ಆಳ ಈ ವರ್ಷ ಇರಬೇಕೆಂದಿಲ್ಲ. ನಿಮ್ಮ ದೋಣಿ ನೀರಲ್ಲಿ ಎಷ್ಟು ಅಡಿ ಮುಳುಗುತ್ತೆ ಅಂತ ಹೇಳಿ, ಇವತ್ತು ಬಾಯಲ್ಲಿ ಎಷ್ಟು ನೀರಿದೆ, ಯಾವ ಪಕ್ಕ ಹಿಡಿದು ಬರಬೇಕು ಅಂತ ಕೇಳಿಕೊಳ್ಳಿ.