ಸ್ಟ್ಯಾಕಿಂಗ್: ನೂರಾರು ಫೋಟೊಗಳಿಂದ ಒಂದು ನೀಹಾರಿಕೆ

ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನೀಹಾರಿಕೆಯ, ಅಂದರೆ ಆಕಾಶದಲ್ಲಿ ಹೊಳೆಯುವ ಅನಿಲ ಮತ್ತು ದೂಳಿನ ಮೋಡದ, ಫೋಟೊ ತೋರಿಸಿದಾಗ ಉಡುಪಿಯಲ್ಲಿ ಹೆಚ್ಚಿನವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದು ಕಂಪ್ಯೂಟರಿನಲ್ಲಿ ಮಾಡಿದ್ದಲ್ವಾ?" ನ್ಯಾಯವಾದ ಪ್ರಶ್ನೆಯೇ. ಅದೇ ಟೆಲಿಸ್ಕೋಪಿಗೆ ಕಣ್ಣಿಟ್ಟು ನೋಡಿದರೆ ಬೂದು ಬಣ್ಣದ ಮಸುಕು ಮಾತ್ರ ಕಾಣುತ್ತದೆ. ಫೋಟೊದಲ್ಲಾದರೆ ಕೆಂಪು, ನೇರಳೆ, ಎರಡೂ ಕಡೆ ಹರಡಿಕೊಂಡ ದೊಡ್ಡ ಮೋಡ. ಆ ಮಸುಕಿನಿಂದ ಈ ಮೋಡದವರೆಗೆ ತಲುಪಿಸುವ ಮುಖ್ಯ ಕೆಲಸದ ಹೆಸರು ಸ್ಟ್ಯಾಕಿಂಗ್.

ಆಕಾಶದ ಒಂದೇ ಜಾಗದ ಫೋಟೊವನ್ನು ಹತ್ತಾರು, ನೂರಾರು ಸಲ ತೆಗೆಯಬೇಕು. ನಕ್ಷತ್ರಗಳನ್ನು ಗುರುತಾಗಿ ಹಿಡಿದು ಎಲ್ಲವನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು. ಆಮೇಲೆ ಪ್ರತಿ ಪಿಕ್ಸೆಲ್‌ಗೂ ಸರಾಸರಿ ತೆಗೆಯಬೇಕು. ಸ್ಟ್ಯಾಕಿಂಗ್ ಅಂದರೆ ಇಷ್ಟೇ. ಇದಕ್ಕೆ ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಮುಂತಾದ ಉಚಿತ ಸಾಫ್ಟ್‌ವೇರ್‌ಗಳಿವೆ. ಇಲ್ಲಿ ಯಾರೂ ಏನನ್ನೂ ಬಿಡಿಸುವುದಿಲ್ಲ. ಇರುವ ಬೆಳಕನ್ನು ಎಣಿಸುತ್ತಾರೆ.

ಹಾಗಾದರೆ ಒಂದೇ ಫೋಟೊ ಯಾಕೆ ಸಾಲದು? ಎಂ42 ಎಂದೂ ಕರೆಯುವ ಈ ನೀಹಾರಿಕೆ ನಮ್ಮಿಂದ ಸುಮಾರು 1,340 ಬೆಳಕಿನ ವರ್ಷ ದೂರದಲ್ಲಿದೆ. ನೀಹಾರಿಕೆಗಳ ಪೈಕಿ ತುಂಬ ಪ್ರಕಾಶಮಾನವಾದದ್ದು. ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳ ಹತ್ತಿರ, ಕತ್ತಲೆ ಚೆನ್ನಾಗಿರುವ ಕಡೆ ಬರಿಗಣ್ಣಿಗೂ ಸಿಗುತ್ತದೆ. ಆದರೂ ಅದರ ಹೊರ ಅಂಚಿನಿಂದ ಕ್ಯಾಮೆರಾದ ಒಂದು ಪಿಕ್ಸೆಲ್‌ಗೆ ಬೀಳುವ ಬೆಳಕು ಬಹಳ ಕಡಿಮೆ. ಬೆಳಕು ಫೋಟಾನ್‌ಗಳಾಗಿ ಬಿಡಿಬಿಡಿಯಾಗಿ ಬರುತ್ತದೆ, ಅದೂ ಸಮಾನ ಅಂತರದಲ್ಲಿ ಅಲ್ಲ. ಅರ್ಧ ನಿಮಿಷದಲ್ಲಿ ಸರಾಸರಿ 10 ಫೋಟಾನ್ ಬೀಳುವ ಜಾಗ ಎಂದುಕೊಳ್ಳಿ. ಒಂದು ಫ್ರೇಮಿನಲ್ಲಿ, ಅಂದರೆ ಒಂದು ಬಿಡಿ ಫೋಟೊದಲ್ಲಿ, 7 ಬೀಳಬಹುದು, ಮುಂದಿನದರಲ್ಲಿ 13. ಪಕ್ಕದ ಪಿಕ್ಸೆಲ್‌ನಲ್ಲೂ ಇದೇ ಏರುಪೇರು. ಇದರ ಮೇಲೆ ಕ್ಯಾಮೆರಾದ ಎಲೆಕ್ಟ್ರಾನಿಕ್ಸ್ ತನ್ನ ಪಾಲಿನ ಗೊಂದಲವನ್ನೂ ಸೇರಿಸುತ್ತದೆ. ಒಂದೇ ಫ್ರೇಮನ್ನು ಬೆಳಗಿಸಿ ನೋಡಿದರೆ ಮೋಡದ ಜಾಗದಲ್ಲಿ ಬರೀ ಚುಕ್ಕಿ ಚುಕ್ಕಿ. ಇದೇ ನಾಯ್ಸ್.

ಮಲ್ಪೆ ಬಂದರಿನಲ್ಲಿ ಮೀನಿನ ಏಲಂ ನಡೆಯುವ ಹೊತ್ತಿಗೆ ಯಾರೋ ದೂರದಿಂದ ಕೂಗಿದರೆ ಮೊದಲ ಸಲ ಏನೂ ತಿಳಿಯುವುದಿಲ್ಲ. ಅದೇ ಮಾತನ್ನು ಮತ್ತೆ ಮತ್ತೆ ಕೂಗಿದರೆ ನಾಲ್ಕನೇ ಐದನೇ ಸಲಕ್ಕೆ ತಿಳಿಯುತ್ತದೆ. ಸುತ್ತಲಿನ ಗದ್ದಲ ಪ್ರತಿ ಸಲ ಬೇರೆ, ಕೂಗುವವರ ಮಾತು ಮಾತ್ರ ಅದೇ. ಸ್ಟ್ಯಾಕಿಂಗ್ ನಡೆಯುವುದೂ ಹೀಗೆ. ಮತ್ತೆ ಮತ್ತೆ ಬರುವುದು ಉಳಿಯುತ್ತದೆ, ಪ್ರತಿ ಸಲ ಬದಲಾಗುವುದು ಒಂದನ್ನೊಂದು ಹೊಡೆದುಹಾಕಿಕೊಂಡು ತಗ್ಗುತ್ತದೆ.

ಎಷ್ಟು ತಗ್ಗುತ್ತದೆ ಎಂಬುದಕ್ಕೆ ಲೆಕ್ಕವಿದೆ: ಫ್ರೇಮುಗಳ ಸಂಖ್ಯೆಯ ವರ್ಗಮೂಲದಷ್ಟು. 100 ಫ್ರೇಮ್ ಸೇರಿಸಿದರೆ ಚಿತ್ರ 10 ಪಟ್ಟು ಸ್ವಚ್ಛ. ಅದನ್ನು ಇನ್ನೂ ಎರಡು ಪಟ್ಟು ಸ್ವಚ್ಛ ಮಾಡಬೇಕಾದರೆ 200 ಸಾಲದು, 400 ಬೇಕು. ಮೊದಲ ಒಂದು ಗಂಟೆಯಲ್ಲಿ ಸಿಗುವ ಲಾಭ ಐದನೇ ಗಂಟೆಯಲ್ಲಿ ಸಿಗುವುದಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವಾಗ ನನಗೆ ಈ ಲೆಕ್ಕ ತುಂಬ ಉಪಯೋಗಕ್ಕೆ ಬಂದಿದೆ.

ಈ ನೀಹಾರಿಕೆಯ ಮೊದಲ ಫೋಟೊ ತೆಗೆದವರು ಅಮೆರಿಕದ ಹೆನ್ರಿ ಡ್ರೇಪರ್, 1880ರ ಸೆಪ್ಟೆಂಬರ್ 30ರಂದು. 11 ಇಂಚಿನ ಟೆಲಿಸ್ಕೋಪು, ಒಂದೇ ಗಾಜಿನ ಪ್ಲೇಟು, 51 ನಿಮಿಷದ ಎಕ್ಸ್‌ಪೋಷರ್, ಅಂದರೆ ಅಷ್ಟು ಹೊತ್ತು ಬೆಳಕು ಬೀಳಲು ಬಿಟ್ಟದ್ದು. ಮೂರು ವರ್ಷದ ನಂತರ ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ 36 ಇಂಚಿನ ಕನ್ನಡಿ ಬಳಸಿ ತೆಗೆದ ಫೋಟೊದಲ್ಲಿ ಟೆಲಿಸ್ಕೋಪಿನಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದವು. ಅವರಂತೆ ನಾವೂ ಒಂದೇ ಉದ್ದದ ಎಕ್ಸ್‌ಪೋಷರ್ ಕೊಡಬಹುದಲ್ವಾ? ಕೊಡಬಹುದು. ಆದರೆ ಐವತ್ತು ನಿಮಿಷದ ನಡುವೆ ಬಜ್ಪೆಗೆ ಇಳಿಯುವ ಒಂದು ವಿಮಾನ ಅಡ್ಡ ಬಂದರೂ ಎಲ್ಲ ಹಾಳು. ಒಂದು ನಿಮಿಷದ 50 ಫ್ರೇಮುಗಳಾದರೆ ವಿಮಾನ ಇರುವುದು ಒಂದೆರಡರಲ್ಲಿ ಮಾತ್ರ. ಒಂದು ಪಿಕ್ಸೆಲ್ ಉಳಿದ ಫ್ರೇಮುಗಳಿಗಿಂತ ಒಂದರಲ್ಲಿ ಮಾತ್ರ ವಿಪರೀತ ಹೊಳೆಯುತ್ತಿದ್ದರೆ ಸಾಫ್ಟ್‌ವೇರ್ ಅದನ್ನು ಸರಾಸರಿಗೆ ಸೇರಿಸುವುದೇ ಇಲ್ಲ. ಉಪಗ್ರಹಗಳ ಗೆರೆಗಳೂ ಹೀಗೇ ಮಾಯವಾಗುತ್ತವೆ.

ಇಲ್ಲಿಯವರೆಗೆ ಎಲ್ಲ ಸುಲಭ. ಕಷ್ಟ ಇರುವುದು ಮುಂದೆ. ಸ್ಟ್ಯಾಕಿಂಗಿಗೆ ನೀಹಾರಿಕೆ ಯಾವುದು, ದೂಳು ಯಾವುದು ಎಂದು ಗೊತ್ತಿಲ್ಲ. ಮತ್ತೆ ಮತ್ತೆ ಬರುವ ಏನನ್ನಾದರೂ ಅದು ಉಳಿಸಿಕೊಳ್ಳುತ್ತದೆ, ಬೇಡದ್ದನ್ನೂ ಸೇರಿಸಿ.

ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ) ಮೇಲಿನ ದೂಳಿನ ಕಣ ಪ್ರತಿ ಫ್ರೇಮಿನಲ್ಲೂ ಅದೇ ಜಾಗದಲ್ಲಿ ನೆರಳು ಬೀಳಿಸುತ್ತದೆ. ಲೆನ್ಸಿನ ಅಂಚು ಪ್ರತಿ ಸಲವೂ ಮೂಲೆಗಳನ್ನು ಕಪ್ಪಾಗಿಸುತ್ತದೆ. 300 ಫ್ರೇಮ್ ಸೇರಿಸಿದರೆ ಇವು ಹೋಗುವುದಿಲ್ಲ, ಇನ್ನೂ ಸ್ಪಷ್ಟವಾಗುತ್ತವೆ. ಅದಕ್ಕೇ ಫ್ಲಾಟ್ ಫ್ರೇಮ್ ಬೇಕು. ಬೆಳಗಾಗುವ ಹೊತ್ತಿಗೆ ಟೆಲಿಸ್ಕೋಪಿನ ಬಾಯಿಗೆ ಬಿಳಿ ಪಂಚೆ ಬಿಗಿಯಾಗಿ ಕಟ್ಟಿ, ಬೆಳಗುತ್ತಿರುವ ಆಕಾಶದ ಕಡೆ ತಿರುಗಿಸಿ ಕೆಲವು ಫೋಟೊ ತೆಗೆದರಾಯಿತು. ಆ ಫೋಟೊಗಳಲ್ಲಿ ದೂಳು ಮತ್ತು ಕಪ್ಪು ಮೂಲೆ ಮಾತ್ರ ಇರುತ್ತವೆ. ಅವುಗಳಿಂದ ಭಾಗಿಸಿದರೆ ದೋಷ ಹೊರಟುಹೋಗುತ್ತದೆ. ರಾತ್ರಿಯ ಫೋಕಸ್ಸನ್ನೂ ಕ್ಯಾಮೆರಾದ ದಿಕ್ಕನ್ನೂ ಅಲ್ಲಿಯವರೆಗೆ ಮುಟ್ಟಬಾರದು, ಅಷ್ಟೇ.

ಇನ್ನೊಂದು ಸೆನ್ಸರಿನ ಬಿಸಿ. ಕರಾವಳಿಯವರಿಗೆ ಇದು ಜಾಸ್ತಿ ಕಾಡುತ್ತದೆ. ಚಳಿಗಾಲದ ರಾತ್ರಿಯಲ್ಲೂ ನಮ್ಮಲ್ಲಿ ಉಷ್ಣಾಂಶ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬಿಸಿಯಾದ ಸೆನ್ಸರಿನಲ್ಲಿ ಕೆಲವು ಪಿಕ್ಸೆಲ್‌ಗಳು ಬೆಳಕೇ ಇಲ್ಲದೆ ಹೊಳೆಯುತ್ತವೆ. ಟೆಲಿಸ್ಕೋಪಿಗೆ ಮುಚ್ಚಳ ಹಾಕಿ, ಅಷ್ಟೇ ಎಕ್ಸ್‌ಪೋಷರಿನಲ್ಲಿ, ಅದೇ ಉಷ್ಣಾಂಶದಲ್ಲಿ ತೆಗೆದ ಡಾರ್ಕ್ ಫ್ರೇಮುಗಳನ್ನು ಕಳೆದರೆ ಇದು ಹೋಗುತ್ತದೆ. ಇದರ ಜೊತೆಗೆ ಕೆಲವು ಫ್ರೇಮಿಗೊಮ್ಮೆ ಟೆಲಿಸ್ಕೋಪನ್ನು ಒಂದಿಷ್ಟು ಅತ್ತಿತ್ತ ಸರಿಸುವ ಪದ್ಧತಿಯೂ ಇದೆ. ಡಿದರಿಂಗ್ ಅನ್ನುತ್ತಾರೆ. ನಕ್ಷತ್ರಗಳನ್ನು ಹಿಡಿದು ಫ್ರೇಮುಗಳನ್ನು ಕೂರಿಸಿದಾಗ ನೀಹಾರಿಕೆ ಒಂದೇ ಕಡೆ ನಿಲ್ಲುತ್ತದೆ, ಕೆಟ್ಟ ಪಿಕ್ಸೆಲ್‌ಗಳು ಚದುರಿಹೋಗುತ್ತವೆ. ಮತ್ತೆ ಮತ್ತೆ ಬರುತ್ತಿದ್ದ ದೋಷ ಈಗ ಪ್ರತಿ ಸಲ ಬೇರೆ ಕಡೆ ಬರುವ ದೋಷವಾಯಿತು. ಈ ಉಪಾಯ ನನಗೆ ಬಹಳ ಇಷ್ಟ.

ಮೂರನೆಯದಕ್ಕೆ ಪೂರ್ತಿ ಮದ್ದಿಲ್ಲ. ಅದು ಊರಿನ ಬೆಳಕು. ಮಣಿಪಾಲದ ಎಲ್‌ಇಡಿ ದೀಪಗಳು, ಮಂಗಳೂರಿನ ಕಿತ್ತಳೆ ಮಬ್ಬು, ಕಡಲಲ್ಲಿ ಸಾಲಾಗಿ ನಿಂತ ಬೋಟುಗಳ ಬೆಳಕು ಎಲ್ಲ ಗಾಳಿಯ ತೇವಕ್ಕೆ ತಾಗಿ ಆಕಾಶಕ್ಕೆ ಹರಡುತ್ತದೆ. ಸ್ಟ್ಯಾಕಿಂಗ್ ಮಟ್ಟಿಗೆ ಇದೂ ನೀಹಾರಿಕೆಯ ಬೆಳಕಿನಷ್ಟೇ ನಿಜ. ಅದರ ಸರಾಸರಿ ಮಟ್ಟವನ್ನು ಆಮೇಲೆ ಕಳೆಯಬಹುದು. ಆದರೆ ಆ ಬೆಳಕೂ ಫೋಟಾನುಗಳೇ, ಅದಕ್ಕೂ ಅದರದೇ ಏರುಪೇರು ಇದೆ, ಆ ನಾಯ್ಸ್ ಉಳಿದೇ ಉಳಿಯುತ್ತದೆ. ಮಂಗಳೂರಿನ ಟೆರೇಸಿನಲ್ಲಿ ರಾತ್ರಿಯಿಡೀ ಕೂರುವುದಕ್ಕಿಂತ ಘಟ್ಟದ ಬುಡದ ಕತ್ತಲಲ್ಲಿ ಒಂದು ಗಂಟೆ ಕೂರುವುದು ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ. ಹೊಸ ಟೆಲಿಸ್ಕೋಪಿಗೆ ಹಣ ಹಾಕುವ ಮೊದಲು ಬಸ್ಸಿಗೋ ಪೆಟ್ರೋಲಿಗೋ ಹಾಕಿ.

ಎಂ42ರ ನಡುಭಾಗದ ಕಥೆ ಬೇರೆಯೇ. ಅಲ್ಲಿ ಟ್ರೆಪೀಜಿಯಂ ಎಂಬ ಎಳೆಯ, ಬಿಸಿ ನಕ್ಷತ್ರಗಳ ಗುಂಪಿದೆ. ಇಡೀ ಮೋಡ ಹೊಳೆಯುವುದೇ ಮುಖ್ಯವಾಗಿ ಅವುಗಳ ಅತಿನೇರಳೆ ಕಿರಣದಿಂದ. ಹೊರ ಅಂಚಿಗೆ ಬೇಕಾದ ಒಂದೆರಡು ನಿಮಿಷದ ಎಕ್ಸ್‌ಪೋಷರಿನಲ್ಲಿ ಈ ನಡುಭಾಗ ತುಂಬಿ ಉಕ್ಕಿ ಬರೀ ಬಿಳಿಯಾಗುತ್ತದೆ. ತುಂಬಿದ ಪಿಕ್ಸೆಲ್‌ನಲ್ಲಿ ಮಾಹಿತಿ ಇರುವುದಿಲ್ಲ. ಎಷ್ಟು ಸರಾಸರಿ ತೆಗೆದರೂ ಬಿಳಿ ಬಿಳಿಯೇ. ಹಾಗಾಗಿ ಎರಡು ಮೂರು ಸೆಕೆಂಡಿನ ಫ್ರೇಮುಗಳನ್ನು ಬೇರೆಯಾಗಿ ತೆಗೆದು, ಬೇರೆಯಾಗಿ ಸ್ಟ್ಯಾಕ್ ಮಾಡಿ, ಕೊನೆಗೆ ನಡುಭಾಗಕ್ಕೆ ಮಾತ್ರ ಜೋಡಿಸುತ್ತಾರೆ. ಯಾರದೇ ಎಂ42 ಫೋಟೊ ಸಿಕ್ಕಿದರೂ ನಾನು ಮೊದಲು ನೋಡುವುದು ಟ್ರೆಪೀಜಿಯಂನ ನಾಲ್ಕು ನಕ್ಷತ್ರ ಬಿಡಿಬಿಡಿಯಾಗಿ ಕಾಣುತ್ತವೆಯೇ ಎಂದು.

ಸ್ಟ್ಯಾಕ್ ಆದ ಚಿತ್ರ ತೆರೆದಾಗ ಹೊಸಬರಿಗೆ ನಿರಾಸೆಯಾಗುವುದು ಸಹಜ. ಹೆಚ್ಚು ಕಡಿಮೆ ಕಪ್ಪಾಗಿರುತ್ತದೆ. ಮಾಹಿತಿಯೆಲ್ಲ ಕತ್ತಲೆಯ ಭಾಗದಲ್ಲಿ ಒತ್ತೊತ್ತಾಗಿ ಕುಳಿತಿರುತ್ತದೆ. ಅದನ್ನು ಹಿಗ್ಗಿಸಿ ಕಣ್ಣಿಗೆ ಕಾಣುವಂತೆ ಮಾಡುವುದು ಸ್ಟ್ರೆಚಿಂಗ್. ಬಣ್ಣ ಎಲ್ಲಿಂದ ಬಂತು ಎನ್ನುವವರಿಗೂ ಇಲ್ಲೇ ಉತ್ತರವಿದೆ. ಕೆಂಪು ಹೈಡ್ರೋಜನ್ನಿನದು, 656 ನ್ಯಾನೋಮೀಟರ್ ತರಂಗದ ಬೆಳಕು. ನಡುವಿನ ಹಸಿರು ಮಿಶ್ರಿತ ನೀಲಿ ಆಮ್ಲಜನಕದ್ದು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಕೆಂಪಂತೂ ಇಲ್ಲವೇ ಇಲ್ಲ. ಕ್ಯಾಮೆರಾಕ್ಕೆ ತಿಳಿಯುತ್ತದೆ. ಸ್ಟ್ರೆಚಿಂಗ್ ಎಷ್ಟು ಮಾಡಬೇಕು ಎಂಬುದು ಮಾಡುವವರ ರುಚಿಗೆ ಬಿಟ್ಟದ್ದು. ಆಕಾಶ ಪೂರ್ತಿ ಕಪ್ಪಾಗುವಷ್ಟು ಎಳೆದರೆ ಹೊರ ಅಂಚಿನ ತೆಳು ಮೋಡವೇ ಸತ್ತುಹೋಗುತ್ತದೆ. ಹಿನ್ನೆಲೆ ಸ್ವಲ್ಪ ಬೂದಾಗಿಯೇ ಇರಲಿ ಎಂದು ನನ್ನ ಅಭಿಪ್ರಾಯ.

ನಮ್ಮ ಊರಿನಿಂದ ಎಂ42 ತೆಗೆಯಲು ಒಂದು ಅನುಕೂಲ, ಒಂದು ತೊಂದರೆ ಇದೆ. ಅನುಕೂಲ ಏನೆಂದರೆ ಅದು ಆಕಾಶದಲ್ಲಿ 71 ಡಿಗ್ರಿಯಷ್ಟು ಎತ್ತರಕ್ಕೆ ಏರುತ್ತದೆ, ಬೆಳಕು ಕಡಿಮೆ ಗಾಳಿ ದಾಟಿ ಬರುತ್ತದೆ. ಡಿಸೆಂಬರ್ ಮಧ್ಯದಲ್ಲಿ ನಡುರಾತ್ರಿಯ ಹೊತ್ತಿಗೆ, ಫೆಬ್ರವರಿ ಮಧ್ಯದಲ್ಲಿ ರಾತ್ರಿ ಎಂಟೂವರೆಯ ಒಳಗೇ ತುದಿ ತಲುಪುತ್ತದೆ. ತೊಂದರೆ ಧ್ರುವ ನಕ್ಷತ್ರದ್ದು. ಭೂಮಿಯ ತಿರುಗುವಿಕೆಗೆ ಸರಿಯಾಗಿ ಟೆಲಿಸ್ಕೋಪನ್ನು ತಿರುಗಿಸುವ ಮೌಂಟಿನ ಅಕ್ಷ ಅದರ ಕಡೆಗೇ ಇರಬೇಕು. ಉಡುಪಿಯಲ್ಲಿ ಅದು ದಿಗಂತದಿಂದ 13 ಡಿಗ್ರಿ ಮಾತ್ರ ಮೇಲೆ. ತೆಂಗಿನ ತೋಟದ ಹಿಂದೆ ಮುಚ್ಚಿಹೋಗುತ್ತದೆ! ಉತ್ತರಕ್ಕೆ ತೆರೆದಿರುವ ಗದ್ದೆ ಬಯಲು ಹುಡುಕಿಕೊಳ್ಳಿ. ಇಬ್ಬನಿ ಕೂರದಂತೆ ಲೆನ್ಸಿನ ಸುತ್ತ ಅದನ್ನು ಬೆಚ್ಚಗಿಡುವ ಡ್ಯೂ ಹೀಟರ್ ಪಟ್ಟಿ ಇರಲಿ.

ಮೌಂಟ್ ಇಲ್ಲ, ಟೆಲಿಸ್ಕೋಪೂ ಇಲ್ಲ ಎಂದಾದರೆ 50 ಎಂಎಂ ಲೆನ್ಸಿನ ಸಾಮಾನ್ಯ ಡಿಎಸ್‌ಎಲ್‌ಆರ್, ಒಂದು ಟ್ರೈಪಾಡ್ ಸಾಕು. ನಕ್ಷತ್ರ ಗೆರೆಯಾಗದಂತೆ ಎರಡು ಸೆಕೆಂಡಿನ ಎಕ್ಸ್‌ಪೋಷರ್ ಇಟ್ಟು, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲು) 200 ಫ್ರೇಮ್ ತೆಗೆದು ಸಿರಿಲ್‌ಗೆ ಕೊಡಿ. ನೀಹಾರಿಕೆ ಫ್ರೇಮಿನಿಂದ ಜಾರದಂತೆ ಆಗಾಗ ಕ್ಯಾಮೆರಾವನ್ನು ಪಶ್ಚಿಮಕ್ಕೆ ಸರಿಸುತ್ತಿರಿ. ಮೊದಲು ಒಂದು ಫ್ರೇಮನ್ನು ಹಿಗ್ಗಿಸಿ ನೋಡಿ, ಆಮೇಲೆ 200 ಸೇರಿದ್ದನ್ನು ಹಿಗ್ಗಿಸಿ ಪಕ್ಕದಲ್ಲಿಡಿ.