ಉರಿ ಗೊತ್ತಾಗದ ಕಣ್ಣು

ಸಕ್ಕರೆ ಕಾಯಿಲೆಯವರಿಗೆ ಪೊರೆ ಆಪರೇಷನ್ ಎಂದಾಗ ಮನೆಯವರು ಶುಗರ್ ಎಷ್ಟಿದೆ, ಯಾವ ಲೆನ್ಸ್ ಹಾಕುತ್ತಾರೆ ಎಂದು ವಿಚಾರಿಸುತ್ತಾರೆ. ಕರಿಗುಡ್ಡೆಯನ್ನು ಮುಚ್ಚಿರುವ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ, ಯಾರ ನೆನಪಿಗೂ ಬರುವುದಿಲ್ಲ. ‘ಕಣ್ಣು ಉರಿಯೋದಿಲ್ಲ, ಚುಚ್ಚೋದಿಲ್ಲ, ಚೆನ್ನಾಗೇ ಇದೆ’ ಎಂಬ ಸಮಾಧಾನ ಬೇರೆ. ಹತ್ತಾರು ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ಮಾತನ್ನು ನಂಬುವಂತಿಲ್ಲ.

ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಹೊರಪದರ ಐದಾರು ಸಾಲು ಜೀವಕೋಶಗಳದ್ದು, ಸುಮಾರು 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಅದರೊಳಗೆ ಹರಡಿದ ನರಗಳು ನೋವು ತಿಳಿಸುವುದಷ್ಟೇ ಅಲ್ಲ, ಕಣ್ಣೀರು ಸುರಿಸುತ್ತವೆ, ರೆಪ್ಪೆ ಬಡಿಸುತ್ತವೆ, ಹೊರಪದರಕ್ಕೆ ಪೋಷಕಾಂಶಗಳನ್ನೂ ಒದಗಿಸುತ್ತವೆ. ಸಕ್ಕರೆ ಈ ನರಗಳನ್ನು ತೆಳುವಾಗಿಸುತ್ತದೆ, ಜೀವಕೋಶಗಳನ್ನು ತಳಕ್ಕೆ ಹಿಡಿದಿಡುವ ಕೊಂಡಿಗಳನ್ನೂ ಸಡಿಲಿಸುತ್ತದೆ. ತೇವ ಹಿಡಿದ ಗೋಡೆಯ ಸುಣ್ಣದಂತೆ, ತುಸು ಉಜ್ಜಿದರೂ ಪದರ ಚಕ್ಕೆ ಏಳುತ್ತದೆ. ರೋಗಿಗೆ ಅದು ಗೊತ್ತೂ ಆಗದು.

ಹಾಗಾಗಿ ಕೆಲಸ ಆಪರೇಷನ್‌ಗೆ ಮೊದಲೇ ಶುರುವಾಗಬೇಕು. ರೆಪ್ಪೆಯಂಚಿನಲ್ಲಿ ಕಾಗದದ ಪಟ್ಟಿಯಿಟ್ಟು ಮಾಡುವ ಶಿರ್ಮರ್ ಪರೀಕ್ಷೆಯಲ್ಲಿ 5 ನಿಮಿಷಕ್ಕೆ 5 ಮಿ.ಮೀ.ಗಿಂತ ಕಡಿಮೆ ತೇವವಾದರೆ ಕಣ್ಣು ತೀರಾ ಒಣಗಿದೆ ಎಂದರ್ಥ. ಒಣ ಕಣ್ಣಿನಲ್ಲಿ ಕಾರ್ನಿಯಾದ ಬಾಗುವಿಕೆಯ ಅಳತೆ ತಪ್ಪುತ್ತದೆ, ಅದರಿಂದ ಲೆಕ್ಕಹಾಕುವ ಲೆನ್ಸ್‌ನ ಪವರ್ರೂ ತಪ್ಪುತ್ತದೆ. ಮೊದಲು ಕೃತಕ ಕಣ್ಣೀರು ಹಾಕಿಸಿ, ಆಮೇಲೆ ಅಳೆಯಬೇಕು.

ಆಪರೇಷನ್ ಟೇಬಲ್ ಮೇಲೆ ಕಣ್ಣಿಗೆ ಹಾಕಲು ಕ್ರಿಮಿನಾಶಕ 5% ಪೊವಿಡೋನ್ ಅಯೋಡಿನ್ ಬೇಕೇ ಬೇಕು. 3 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು. ಮರಗಟ್ಟಿಸುವ ಜೆಲ್ ಬಳಸುವುದಾದರೆ ಅಯೋಡಿನ್ ಆದಮೇಲೆಯೇ. ಮೊದಲೇ ಹಚ್ಚಿದರೆ ಅಯೋಡಿನ್ ಕಣ್ಣಿನ ಮೇಲ್ಮೈಗೆ ತಲುಪುವುದಿಲ್ಲ. ಮರಗಟ್ಟಿಸುವ ಹನಿಯೂ ಜೀವಕೋಶಗಳಿಗೆ ವಿಷವೇ, ಸುಮ್ಮನೆ ಮತ್ತೆ ಮತ್ತೆ ಹಾಕಬಾರದು.

ರೆಪ್ಪೆಗಳನ್ನು ಕ್ಲಿಪ್ಪಿನಿಂದ ಅಗಲಿಸಿ, ಮೇಲಿಂದ ಮೈಕ್ರೋಸ್ಕೋಪಿನ ಬೆಳಕು ಬಿಟ್ಟಾಗ ಒಣಗುವುದು ಕ್ಷಣಗಳ ಮಾತು. ಸಹಾಯಕರು ಲವಣದ್ರಾವಣ ಚಿಮುಕಿಸುತ್ತಲೇ ಇರಬೇಕು, ಒಮ್ಮೆ ಮರೆತರೆ ಪದರ ಮಬ್ಬಾಗುತ್ತದೆ. ಅದಕ್ಕೇ 2% ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್‌ಸೆಲ್ಯುಲೋಸ್ ಲೋಳೆಯನ್ನು ಕಾರ್ನಿಯಾದ ಮೇಲೆ ತೆಳ್ಳಗೆ ಹರಡುವುದು ನನಗೆ ಮೇಲೆನಿಸುತ್ತದೆ. ಅದು ನಿಮಿಷಗಟ್ಟಲೆ ನಿಲ್ಲುತ್ತದೆ, ಒಳಗಿನ ನೋಟವೂ ಸ್ಪಷ್ಟವಾಗುತ್ತದೆ. ಮಬ್ಬಾಯಿತೆಂದು ಸ್ಪಂಜಿನಿಂದ ಒರೆಸಿದರೆ ಮಾತ್ರ ಕೆಟ್ಟಿತು.

ಪ್ರಾಚೀನ ವೈದ್ಯಗ್ರಂಥ ಸುಶ್ರುತಸಂಹಿತೆಯಲ್ಲೂ ಪೊರೆ ಸರಿಸಲು ಶಲಾಕೆ ಎಂಬ ಚೂಪುಕಡ್ಡಿಯಿಂದ ಚುಚ್ಚಿದ ಕಣ್ಣನ್ನು ಎದೆಹಾಲಿನಿಂದ ತೋಯಿಸುವ ಮಾತಿದೆ. ಒದ್ದೆಯಾಗಿಡಬೇಕೆಂಬ ತಿಳಿವಳಿಕೆ ಅಷ್ಟು ಹಳೆಯದು. ಆದರೆ ಅದನ್ನೇ ನೆಪಮಾಡಿ ಇಂದು ಆಪರೇಷನ್ ಆದ ಕಣ್ಣಿಗೆ ಎದೆಹಾಲು, ಜೇನುತುಪ್ಪ ಬಿಡಬೇಡಿ. ಅದು ಸೋಂಕಿಗೆ ದಾರಿ.

ಆಮೇಲಿನ ಹನಿಗಳಲ್ಲೂ ಎಚ್ಚರ ಬೇಕು. ಕಣ್ಣಿನ ಹಿಂಭಾಗದ ಅಕ್ಷಿಪಟಲ (ರೆಟಿನಾ) ಊದದಿರಲೆಂದು ಕೊಡುವ ಕೆಟೊರೊಲ್ಯಾಕ್, ನೆಪಾಫಿನಾಕ್ ಸಕ್ಕರೆ ಕಾಯಿಲೆಯವರಿಗೆ ಉಪಯುಕ್ತವೇ. ಆದರೆ ನರ ಸೊರಗಿದ, ಗಾಯವಾದ ಕಾರ್ನಿಯಾ ಇವುಗಳಿಂದ ಅಪರೂಪಕ್ಕೆ ಕರಗಿಹೋಗುವುದೂ ಉಂಟು. ಅದಕ್ಕೇ ನೋವಿಲ್ಲದಿದ್ದರೂ ವೈದ್ಯರು ಹೇಳಿದ ದಿನ ತಪ್ಪದೆ ಹೋಗಿ, ಫ್ಲೋರೆಸೀನ್ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡಲು ಕೇಳಿ. ಪದರ ಕಿತ್ತ ಜಾಗ ಹಸಿರಾಗಿ ಹೊಳೆಯುತ್ತದೆ.